ರೂಟ್ ಕೆನಾಲ್ ಎಂದರೆ ಹೆದರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಹಲ್ಲಿನ ದವಾಖಾನೆಗೆ ಬರುವವರಲ್ಲಿ ಬಹಳ ಮಂದಿ ಬಾಯಿ ತೋರಿಸುವ ಮೊದಲೇ ಒಂದು ಮಾತು ಹೇಳಿಬಿಡುತ್ತಾರೆ: "ಏನು ಬೇಕಾದರೂ ಮಾಡಿ ಡಾಕ್ಟರೇ, ರೂಟ್ ಕೆನಾಲ್ ಮಾತ್ರ ಬೇಡ." ನವಲಗುಂದ, ಕಲಘಟಗಿ, ಶಿಗ್ಗಾಂವಿಯಿಂದ ಬಸ್ಸು ಹತ್ತಿ ಬಂದವರೂ ಇದನ್ನೇ ಹೇಳುತ್ತಾರೆ, ಇಲ್ಲೇ ಮಾಳಮಡ್ಡಿಯಿಂದ ನಡೆದು ಬಂದವರೂ ಇದನ್ನೇ ಹೇಳುತ್ತಾರೆ. ರೂಟ್ ಕೆನಾಲ್ ಎಂದರೆ ಹಲ್ಲಿನೊಳಗಿನ ಕೆಟ್ಟ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ತೊಳೆದು ತುಂಬಿ, ಹಲ್ಲನ್ನು ಉಳಿಸುವ ಚಿಕಿತ್ಸೆ. ಕೇಳಿ ನೋಡಿದರೆ ಅವರಲ್ಲಿ ಹೆಚ್ಚಿನವರು ಈ ಚಿಕಿತ್ಸೆಯನ್ನು ಒಮ್ಮೆಯೂ ಮಾಡಿಸಿಕೊಂಡಿರುವುದಿಲ್ಲ. ಯಾರದೋ ಅನುಭವ ಯಾರದೋ ಬಾಯಿಂದ ಬಂದು ಇವರ ಎದೆಯಲ್ಲಿ ಕುಳಿತಿರುತ್ತದೆ. ಹೊರಗೆ ಜನ ಕಾಯುತ್ತಿರುವಾಗ ಬಿಡಿಸಿ ಹೇಳಲಾಗದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ನಿಧಾನವಾಗಿ ಓದಿ. ಓದಲು ಬಾರದ ಹಿರಿಯರಿದ್ದರೆ ಅವರಿಗೆ ಓದಿ ಹೇಳಿ.

ನೋವಾಗುತ್ತದೆಯೇ? ಮುಚ್ಚುಮರೆ ಇಲ್ಲದೆ ಹೇಳಿ.

ಹಲ್ಲು ಪೂರ್ತಿ ಮರಗಟ್ಟಿದ ಮೇಲೆ ನೋವಾಗುವುದಿಲ್ಲ. ಒತ್ತಿದಂತೆ, ತಿಕ್ಕಿದಂತೆ ಅನ್ನಿಸುತ್ತದೆ, ಯಂತ್ರದ ಸದ್ದು ಕೇಳುತ್ತದೆ, ಬಾಯಿ ತೆರೆದುಕೊಂಡೇ ಇದ್ದು ದವಡೆ ದಣಿಯುತ್ತದೆ. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚುವಾಗ ಕೆಲವು ಕ್ಷಣ ಚುರುಕ್ಕೆನ್ನುತ್ತದೆ. ಇದಿಷ್ಟು ನಿಜ, ಇದನ್ನು ಮುಚ್ಚಿಡುವುದಿಲ್ಲ.

ಜನ "ರೂಟ್ ಕೆನಾಲ್ ನೋವು" ಎಂದು ಕರೆಯುವುದು ಬಹುಮಟ್ಟಿಗೆ ಚಿಕಿತ್ಸೆಗೆ ಬರುವ ಮುನ್ನ ಅನುಭವಿಸಿದ ನೋವು. ಮೂರು ರಾತ್ರಿ ನಿದ್ದೆ ಇಲ್ಲದೆ, ಕೆನ್ನೆಗೆ ಕೈ ಒತ್ತಿಕೊಂಡು ಮನೆಯಲ್ಲಿ ಅತ್ತಿಂದಿತ್ತ ಓಡಾಡಿದ್ದು, ನಾಲ್ಕನೆಯ ದಿನ ಕುರ್ಚಿಯಲ್ಲಿ ಕುಳಿತದ್ದು, ಎರಡೂ ನೆನಪಿನಲ್ಲಿ ಒಂದೇ ಗಂಟಾಗಿಬಿಡುತ್ತವೆ. ಬೈಗುಳ ಚಿಕಿತ್ಸೆಯ ಪಾಲಿಗೆ ಬರುತ್ತದೆ.

ಹಾಗಾದರೆ ನಮ್ಮ ಮಾವನವರಿಗೆ ಮಾಡಿಸುವಾಗಲೇ ಜೀವ ಹೋಗುವಷ್ಟು ನೋವಾಯಿತಂತಲ್ಲ?

ಆಗಿರಬಹುದು. ನಿಮ್ಮ ಮಾವನವರು ಸುಳ್ಳು ಹೇಳುತ್ತಿಲ್ಲ. ಹಾಗಾಗಲು ಎರಡು ಕಾರಣಗಳಿವೆ, ಎರಡನ್ನೂ ತಿಳಿದುಕೊಳ್ಳಿ.

ಮೊದಲನೆಯದು ಹಲ್ಲಿನ ಸ್ಥಿತಿ. ಬಾವು ಬಂದು ಕೆರಳಿದ ಜಾಗದಲ್ಲಿ ಆಮ್ಲದ ಅಂಶ ಹೆಚ್ಚಾಗಿರುತ್ತದೆ. ಅಂಥಲ್ಲಿ ಮರಗಟ್ಟಿಸುವ ಔಷಧಿ ನರದೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಕೆಳಗಿನ ದವಡೆ ಹಲ್ಲು ಹೀಗೆ ಕೆರಳಿದ್ದಾಗ ತುಟಿ ಮರಗಟ್ಟಿದರೂ ಹಲ್ಲು ಎಚ್ಚರವಾಗಿಯೇ ಇರುವುದುಂಟು. ಅದಕ್ಕೆ ದಾರಿಗಳಿವೆ: ಇನ್ನೊಂದು ಕಡೆಯಿಂದ ಔಷಧಿ ಕೊಡುವುದು, ಹಲ್ಲಿಗೂ ಎಲುಬಿಗೂ ನಡುವಿನ ಸಂದಿಗೆ ಕೊಡುವುದು, ಕೊನೆಗೆ ಹಲ್ಲಿನ ತಿರುಳಿಗೇ ನೇರವಾಗಿ ಕೊಡುವುದು. ತೀರಾ ಕೆರಳಿದ್ದರೆ ಆ ದಿನ ನೋವು ತಗ್ಗಿಸುವಷ್ಟೇ ಕೆಲಸ ಮಾಡಿ, ಉಳಿದದ್ದನ್ನು ಮುಂದಕ್ಕೆ ಹಾಕುವುದೂ ಸರಿಯಾದ ಕ್ರಮವೇ.

ಎರಡನೆಯದು ವೈದ್ಯರ ಆತುರ. ಇದನ್ನು ನನ್ನ ಮೇಲೆಯೇ ಹಾಕಿಕೊಂಡು ಹೇಳುತ್ತೇನೆ. ಕಲಿತು ಹೊರಬಂದ ಹೊಸದರಲ್ಲಿ, ಅಣ್ಣಿಗೇರಿ ಕಡೆಯ ಹಿರಿಯ ಹೆಣ್ಣುಮಗಳೊಬ್ಬರಿಗೆ ಇಂಜೆಕ್ಷನ್ ಕೊಟ್ಟು, ಅದು ಪೂರ್ತಿ ಹಿಡಿಯುವ ಮೊದಲೇ ಕೆಲಸ ಶುರು ಮಾಡಿದೆ. ಹೊರಗೆ ಜನ ತುಂಬಿದ್ದರು. ಆಕೆ ಕೂಗಲಿಲ್ಲ, ಕೈ ಎತ್ತಲಿಲ್ಲ. ನಿಲ್ಲಿಸಿ ನೋಡಿದಾಗ ಕಣ್ಣೀರು ಕಿವಿಯವರೆಗೆ ಹರಿದಿತ್ತು, ಸೆರಗು ಮುಷ್ಟಿಯಲ್ಲಿ ಮುದ್ದೆಯಾಗಿತ್ತು. "ನಿಮ್ಮ ಕೆಲಸಕ್ಕೆ ಅಡ್ಡಿಯಾಗಬಾರದೆಂದು ಸುಮ್ಮನಿದ್ದೆ" ಎಂದರು. ಅವತ್ತಿನಿಂದ ನಮ್ಮಲ್ಲಿ ಒಂದು ಕಟ್ಟಳೆ ಇದೆ: ಎಡಗೈ ಎತ್ತಿದರೆ ನಾನು ಆ ಕ್ಷಣಕ್ಕೆ ನಿಲ್ಲಿಸುತ್ತೇನೆ. ಏಕೆ ಎಂದು ಕೇಳುವುದಿಲ್ಲ. ನೀವು ಯಾವ ದವಾಖಾನೆಗೆ ಹೋದರೂ ಕುಳಿತ ಕೂಡಲೇ ಈ ಒಪ್ಪಂದ ಮಾಡಿಕೊಳ್ಳಿ. ಕೆಲಸ ಶುರುವಾಗುವ ಮೊದಲು "ತಣ್ಣನೆಯದು ಮುಟ್ಟಿಸಿ ನೋಡಿ, ಇನ್ನೂ ಜುಮ್ಮೆನ್ನುತ್ತದೆಯೇ ನೋಡೋಣ" ಎಂದು ಕೇಳಿ. ಅದು ಉದ್ಧಟತನವಲ್ಲ, ನಿಮ್ಮ ಹಕ್ಕು.

ನನಗೆ ಸೂಜಿಯ ಭಯವೇ ಹೆಚ್ಚು.

ಚುಚ್ಚುವ ಜಾಗಕ್ಕೆ ಮೊದಲು ಮರಗಟ್ಟಿಸುವ ಜೆಲ್ ಹಚ್ಚುತ್ತೇವೆ. ಸೂಜಿ ಕೂದಲೆಳೆಯಂತೆ ಸಪೂರ. ನೋವು ಕೊಡುವುದು ಹೆಚ್ಚಾಗಿ ಸೂಜಿಯಲ್ಲ, ಔಷಧಿಯನ್ನು ಅವಸರದಲ್ಲಿ ಒತ್ತುವುದು. ನಿಧಾನವಾಗಿ ಬಿಟ್ಟರೆ ಬಹಳ ಮಂದಿಗೆ ಮುಗಿದದ್ದೇ ತಿಳಿಯುವುದಿಲ್ಲ.

ಈ ಔಷಧಿಯ ಹೆಸರು ಲಿಡೊಕೇನ್, ಲಿಗ್ನೊಕೇನ್ ಎಂದೂ ಕರೆಯುತ್ತಾರೆ. 1943ರಲ್ಲಿ ಸ್ವೀಡನ್ನಿನಲ್ಲಿ ನಿಲ್ಸ್ ಲೋಫ್‌ಗ್ರೆನ್ ಮೊದಲು ತಯಾರಿಸಿದರು. ಏಳು ದಶಕಗಳಿಗೂ ಹೆಚ್ಚು ಕಾಲದಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರ ಪರಿಣಾಮ ಹೆಚ್ಚು ಹೊತ್ತು ನಿಲ್ಲಲೆಂದು ಚೂರು ಅಡ್ರಿನಲಿನ್ ಬೆರೆಸಿರುತ್ತಾರೆ. ಹಾಗಾಗಿ ಕೆಲವರಿಗೆ ಒಂದೆರಡು ನಿಮಿಷ ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ. "ನನಗೆ ಇಂಜೆಕ್ಷನ್ ಆಗಿಬರುವುದಿಲ್ಲ" ಎನ್ನುವವರಲ್ಲಿ ಅನೇಕರಿಗೆ ಆಗಿರುವುದು ಇದೇ, ಅಲರ್ಜಿಯಲ್ಲ. ಆದರೂ ಹಿಂದೆ ಏನಾಗಿತ್ತು ಎಂಬುದನ್ನು ತಪ್ಪದೆ ಹೇಳಿ.

ಅಷ್ಟಕ್ಕೂ ಹಲ್ಲಿನೊಳಗೆ ಏನಿದೆ? ರಾತ್ರಿಯೇ ಏಕೆ ನೋವು ಹೆಚ್ಚು?

ಹಲ್ಲನ್ನು ನಾವು ಕಲ್ಲಿನ ಚೂರಿನಂತೆ ಭಾವಿಸುತ್ತೇವೆ. ಅದು ಜೀವವಿರುವ ಅಂಗ. ಹೊರಗೆ ದಂತಕವಚ, ದೇಹದಲ್ಲೇ ಅತಿ ಗಟ್ಟಿ ವಸ್ತು. ಅದರೊಳಗೆ ದಂತದ್ರವ್ಯ. ನಟ್ಟನಡುವೆ ಸಣ್ಣ ಕೋಣೆ, ಅದರಲ್ಲಿ ಮೆತ್ತನೆಯ ತಿರುಳು. ರಕ್ತನಾಳ, ನರದ ಎಳೆಗಳು ಎಲ್ಲವೂ ಅಲ್ಲಿವೆ. ಆ ಕೋಣೆಯಿಂದ ಬೇರಿನ ತುದಿಯವರೆಗೆ ಕಿರಿದಾದ ನಾಳಗಳು ಇಳಿದಿರುತ್ತವೆ, ಅವೇ ಬೇರುನಾಳಗಳು.

ಹುಳುಕು ಕವಚವನ್ನು ತಿಂದು ಒಳಗಿಳಿದಾಗ ತಿರುಳಿಗೆ ಬಾವು ಬರುತ್ತದೆ. ಕೈಗೆ ಪೆಟ್ಟಾದರೆ ಚರ್ಮ ಹಿಗ್ಗಿ ಊದಿಕೊಳ್ಳುತ್ತದೆ, ಒತ್ತಡಕ್ಕೆ ಜಾಗ ಸಿಗುತ್ತದೆ. ಹಲ್ಲಿನೊಳಗೆ ಸುತ್ತಲೂ ಗಟ್ಟಿ ಗೋಡೆ, ಊದಲು ಎಳ್ಳಷ್ಟೂ ಜಾಗವಿಲ್ಲ. ಒತ್ತಡವೆಲ್ಲ ನರದ ಮೇಲೆಯೇ ಬೀಳುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ಅದೇ ನೋವು ಇಮ್ಮಡಿಯಾಗಿ, ನಾಡಿಯ ಜೊತೆಗೆ ಬಡಿದುಕೊಳ್ಳುತ್ತದೆ. ಎರಡು ದಿಂಬು ಇಟ್ಟುಕೊಂಡು ತಲೆ ಎತ್ತರಿಸಿ ಮಲಗಿದರೆ ಸ್ವಲ್ಪ ತಗ್ಗುವುದು ಇದೇ ಕಾರಣಕ್ಕೆ.

ಎಲ್ಲ ಜುಮ್ಮೆನ್ನುವಿಕೆಗೂ ರೂಟ್ ಕೆನಾಲ್ ಬೇಡ. ತಣ್ಣೀರು ಕುಡಿದಾಗ ಜುಮ್ಮೆಂದು, ನೀರು ನುಂಗಿದ ಕೂಡಲೇ ಹೋದರೆ ಬಹುಶಃ ಸಿಮೆಂಟ್ ತುಂಬಿದರೆ ಸಾಕು. ನುಂಗಿದ ಮೇಲೂ ನೋವು ನಿಂತೇ ಇದ್ದರೆ, ಬಿಸಿ ಚಹಾಕ್ಕೆ ಕೆರಳಿದರೆ, ಏನೂ ತಿನ್ನದೆ ತಾನಾಗಿ ಶುರುವಾದರೆ, ನಿದ್ದೆಯಿಂದ ಎಬ್ಬಿಸಿದರೆ ತಿರುಳು ಚೇತರಿಸಿಕೊಳ್ಳುವ ಹಂತ ದಾಟಿದೆ ಎಂದು ಅರ್ಥ. ಮೊದಲ ಹಂತದಲ್ಲಿ ಬಂದರೆ ಈ ಪುಟವನ್ನು ಓದುವ ಅಗತ್ಯವೇ ನಿಮಗೆ ಬೀಳುವುದಿಲ್ಲ.

ಹಲ್ಲಿನಲ್ಲಿ ಹುಳ ಇರುತ್ತದೆಯೇ? ನಮ್ಮ ಅಜ್ಜಿಗೆ ಹೊಗೆ ಕೊಟ್ಟು ತೆಗೆಸಿದ್ದರಂತೆ.

ಇಲ್ಲ. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಬಾಯಿಗೆ ಹೊಗೆ ಹಿಡಿಸುವುದು ನಮ್ಮ ಹಳ್ಳಿಗಳಲ್ಲಿ ಬಹಳ ಹಳೆಯ ರೂಢಿ. ಹಲ್ಲು ತಿನ್ನುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಸಕ್ಕರೆ, ಬೆಲ್ಲ, ಅಂಟುವ ತಿಂಡಿಗಳನ್ನು ಅವು ಆಮ್ಲವಾಗಿ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಹಲ್ಲಿನ ಹುಳ ಎಂಬ ನಂಬಿಕೆ ನಮ್ಮಲ್ಲಷ್ಟೇ ಅಲ್ಲ, ಲೋಕದ ನಾನಾ ಕಡೆ ಇತ್ತು. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 18ನೆಯ ಶತಮಾನದಲ್ಲೇ ಹುಳುಕು ಹಲ್ಲುಗಳನ್ನು ಪರೀಕ್ಷಿಸಿ, ಅಂಥ ಹುಳ ಕಾಣಲಿಲ್ಲ ಎಂದು ಬರೆದರು.

ಒಂದು ವಾರ ವಿಪರೀತ ನೋವಿತ್ತು. ಈಗ ತಾನಾಗಿಯೇ ಹೋಗಿದೆ. ಇನ್ನೇಕೆ ಚಿಕಿತ್ಸೆ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಆತಂಕವಾಗುತ್ತದೆ. ನೋವು ಹೋದದ್ದು ರೋಗ ವಾಸಿಯಾಗಿ ಅಲ್ಲ, ತಿರುಳು ಸತ್ತು. ಸತ್ತ ನರ ನೋವಿನ ಸುದ್ದಿ ಕಳಿಸುವುದಿಲ್ಲ. ಆದರೆ ಸೋಂಕು ಒಳಗೇ ಇದ್ದು, ಬೇರಿನ ತುದಿಯಿಂದ ಹೊರಬಿದ್ದು ದವಡೆಯ ಎಲುಬನ್ನು ಮೆಲ್ಲಗೆ ತಿನ್ನತೊಡಗುತ್ತದೆ. ಎಕ್ಸ್-ರೇಯಲ್ಲಿ ಬೇರಿನ ತುದಿಯಲ್ಲಿ ಕಪ್ಪು ಮಚ್ಚೆಯಾಗಿ ಕಾಣುವುದು ಅದೇ. ಕೆಲವು ತಿಂಗಳ ಮೇಲೆ ಒಸಡಿನಲ್ಲಿ ಮೊಡವೆಯಂಥ ಗುಳ್ಳೆ ಎದ್ದು, ಕೀವು ಸೋರಿ, ಒಣಗಿ, ಮತ್ತೆ ಏಳುತ್ತದೆ. ಅಥವಾ ಒಂದು ಬೆಳಗ್ಗೆ ಏಳುವಷ್ಟರಲ್ಲಿ ಕೆನ್ನೆ ಊದಿರುತ್ತದೆ. ಆ ಸ್ಥಿತಿಯಲ್ಲಿ ಬಂದವರಿಗೇ ಚಿಕಿತ್ಸೆ ಕಷ್ಟವಾಗುವುದು, ಅವರ ಕಥೆಯೇ ಊರಿಗೆಲ್ಲ ಹಬ್ಬುವುದು.

ಔಷಧಿ ಅಂಗಡಿಯಲ್ಲಿ ಮಾತ್ರೆ ತಂದು ನುಂಗಿದರೆ ಸಾಲದೇ?

ಸಾಲದು. ಆ್ಯಂಟಿಬಯಾಟಿಕ್ ಮಾತ್ರೆ ರಕ್ತದ ಮೂಲಕ ಹೋಗಿ ಕೆಲಸ ಮಾಡುತ್ತದೆ. ಸತ್ತ ತಿರುಳಿಗೆ ರಕ್ತವೇ ಹರಿಯುವುದಿಲ್ಲ ಎಂದ ಮೇಲೆ ಔಷಧಿ ಅಲ್ಲಿಗೆ ತಲುಪುವುದು ಹೇಗೆ? ಊತ, ಜ್ವರ ಇದ್ದಾಗ ಅದು ಬೇಕಾಗುತ್ತದೆ, ಆದರೆ ಹಲ್ಲಿನೊಳಗಿನ ಮೂಲವನ್ನು ತೆಗೆಯಲಾರದು. ನೋವಿನ ಮಾತ್ರೆಯನ್ನು ವಾರಗಟ್ಟಲೆ, ಅದೂ ಬರಿಹೊಟ್ಟೆಯಲ್ಲಿ ನುಂಗಿ ಜಠರ, ಮೂತ್ರಪಿಂಡ ಕೆಡಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲೆ ಒತ್ತಿಟ್ಟುಕೊಂಡರೆ ಅಲ್ಲಿ ಸುಟ್ಟು ಬೆಳ್ಳಗಾಗುತ್ತದೆ. ಲವಂಗದ ಎಣ್ಣೆಯಿಂದ ತುಸು ಹೊತ್ತು ನೆಮ್ಮದಿ ಸಿಗುವುದು ನಿಜ, ಹತ್ತಿಗೆ ಒಂದು ಹನಿ ಹಾಕಿ ತೂತಿನಲ್ಲಿಡಿ. ಒಸಡಿಗೆ ಸವರಿದರೆ ಅದೂ ಸುಡುತ್ತದೆ. ಹಲ್ಲಿನ ದವಾಖಾನೆಯ ಬಾಗಿಲಲ್ಲೇ ಮೂಗಿಗೆ ಬಡಿದು ಕೆಲವರ ಕೈಕಾಲು ತಣ್ಣಗಾಗಿಸುವ ಆ ವಾಸನೆ ಯಾವುದೆಂದು ಗೊತ್ತೇ? ತಾತ್ಕಾಲಿಕ ಸಿಮೆಂಟಿನಲ್ಲಿ ಬಳಸುವ ಯೂಜಿನಾಲ್, ಲವಂಗದ ಎಣ್ಣೆಯ ಮುಖ್ಯ ಅಂಶ. ನಿಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯ ವಾಸನೆಯೇ ಅದು.

ಚಿಕಿತ್ಸೆಯಲ್ಲಿ ಏನೇನು ಮಾಡುತ್ತೀರಿ?

ಮೊದಲು ಎಕ್ಸ್-ರೇ. ಹಲ್ಲಿನ ಒಂದು ಸಣ್ಣ ಡಿಜಿಟಲ್ ಎಕ್ಸ್-ರೇಯಲ್ಲಿ ತಗಲುವ ವಿಕಿರಣ, ನಾವು ಸುಮ್ಮನೆ ಮನೆಯಲ್ಲಿದ್ದರೂ ಭೂಮಿ ಮತ್ತು ಆಕಾಶದಿಂದ ಒಂದು ದಿನದಲ್ಲಿ ಪಡೆಯುವಷ್ಟರ ಆಸುಪಾಸು. ಆಮೇಲೆ ಇಂಜೆಕ್ಷನ್. ಅದು ಹಿಡಿಯುವವರೆಗೆ ಕಾಯುವುದು.

ನಂತರ ಹಲ್ಲಿನ ಸುತ್ತ ತೆಳುವಾದ ರಬ್ಬರ್ ಹಾಳೆ ಕಟ್ಟುತ್ತೇವೆ. ಬಾಯಿ ಮುಚ್ಚಿದಂತಾಗಿ ಉಸಿರು ಕಟ್ಟುತ್ತದೆ ಎಂದು ಕೆಲವರು ಗಾಬರಿಯಾಗುತ್ತಾರೆ. ಮೂಗು ಪೂರ್ತಿ ತೆರೆದಿರುತ್ತದೆ, ಮೂಗಿನಿಂದ ನಿಧಾನವಾಗಿ ಉಸಿರಾಡಿ. ಎಂಜಲಿನ ಸೋಂಕು ಹಲ್ಲಿನೊಳಗೆ ಹೋಗದಂತೆ, ಸಣ್ಣ ಉಪಕರಣವಾಗಲಿ ಔಷಧಿಯಾಗಲಿ ನಿಮ್ಮ ಗಂಟಲಿಗೆ ಜಾರದಂತೆ ಅದು ಕಾಯುತ್ತದೆ. 1864ರಲ್ಲಿ ನ್ಯೂಯಾರ್ಕಿನ ದಂತವೈದ್ಯ ಬಾರ್ನಮ್ ಇದನ್ನು ಬಳಕೆಗೆ ತಂದರು. ಈ ಹಾಳೆ ಕಟ್ಟಿ ಕೆಲಸ ಮಾಡುವ ವೈದ್ಯರು ಸಿಕ್ಕರೆ ನಿಮ್ಮ ಅದೃಷ್ಟ ಎಂದು ನಾನು ಹೇಳುತ್ತೇನೆ.

ಹಲ್ಲಿನ ಮೇಲ್ಭಾಗದಲ್ಲಿ ಸಣ್ಣ ಕಿಂಡಿ ಕೊರೆದು, ತಿರುಳು ತೆಗೆದು, ನಾಳಗಳನ್ನು ಹುಡುಕುತ್ತೇವೆ. ಕೆಲಸದ ಜೀವಾಳ ಇಲ್ಲಿದೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ. ಕೆಳಗಿನ ದವಡೆ ಹಲ್ಲಿಗೆ ಮೂರು, ಕೆಲವೊಮ್ಮೆ ನಾಲ್ಕು. ಮೇಲಿನ ದವಡೆ ಹಲ್ಲಿನ ನಾಲ್ಕನೆಯ ನಾಳ ಎಷ್ಟು ಅಡಗಿಕೊಂಡಿರುತ್ತದೆಂದರೆ, ಹಳೆಯ ಚಿಕಿತ್ಸೆಗಳು ಸೋಲಲು ಅದನ್ನು ಬಿಟ್ಟದ್ದೇ ಎಷ್ಟೋ ಸಲ ಕಾರಣವಾಗಿರುತ್ತದೆ. ನಾಳವನ್ನು ಕೆರೆದು ಶುಚಿ ಮಾಡಲು ಸೂಜಿಯಂಥ ಸಣ್ಣ ಅರಗಳಿವೆ, ಅವಕ್ಕೆ ಫೈಲ್ ಎನ್ನುತ್ತೇವೆ. ನಾಳದೊಳಗೆ ಇಳಿಸುವ ಮೊದಲ ಫೈಲಿನ ತುದಿ 0.10 ಅಥವಾ 0.15 ಮಿಲಿಮೀಟರ್ ದಪ್ಪ. ಬೇರಿನ ತುದಿ ಎಲ್ಲಿ ಮುಗಿಯುತ್ತದೆಂದು ಒಂದು ಪುಟ್ಟ ಯಂತ್ರ ಬೀಪ್ ಸದ್ದಿನಿಂದ ತಿಳಿಸುತ್ತದೆ. ಆ ಸದ್ದು ಕೇಳಿ ಏನೋ ಕೆಟ್ಟಿತೆಂದು ಹೆದರಬೇಡಿ. ನಾಳವನ್ನು ಅಗಲಿಸುತ್ತಾ ಸೋಂಕು ಕೊಲ್ಲುವ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ ಮತ್ತೆ ಮತ್ತೆ ತೊಳೆಯುತ್ತೇವೆ. ಫೈಲು ತಲುಪದ ಕವಲುಗಳಿಗೆ ದ್ರಾವಣ ತಲುಪಬೇಕು, ಹಾಗಾಗಿ ಈ ತೊಳೆಯುವಿಕೆಯಲ್ಲಿ ಅವಸರ ಸಲ್ಲದು.

ಕೊನೆಗೆ ನಾಳಗಳನ್ನು ಗಟ್ಟಾಪರ್ಚಾದಿಂದ ತುಂಬುತ್ತೇವೆ. ಅದು ಮಲಯ ದೇಶದ ಕಡೆಯ ಮರದ ಹಾಲಿನಿಂದ ಆದ, ರಬ್ಬರಿನಂಥ ವಸ್ತು. 19ನೆಯ ಶತಮಾನದಿಂದ ಹಲ್ಲಿನಲ್ಲಿ ಬಳಕೆಯಲ್ಲಿದೆ, ದೇಹ ಅದನ್ನು ಸಹಿಸುತ್ತದೆ.

ಅಪರೂಪಕ್ಕೆ ಸಪೂರ ಫೈಲಿನ ತುದಿ ಡೊಂಕು ನಾಳದೊಳಗೆ ಮುರಿಯುವುದುಂಟು. ಎಲ್ಲ ಬಾರಿಯೂ ಅದರಿಂದ ಹಲ್ಲು ಹಾಳಾಗುವುದಿಲ್ಲ, ಆದರೆ ಆದದ್ದನ್ನು ರೋಗಿಗೆ ಹೇಳಲೇಬೇಕು.

ಎಷ್ಟು ಸಲ ಬರಬೇಕು? ಊರು ದೂರ.

ಸೋಂಕು ಕಡಿಮೆ ಇದ್ದರೆ ಒಂದೇ ಸಲಕ್ಕೆ ಮುಗಿಸಬಹುದು, ಒಂದರಿಂದ ಒಂದೂವರೆ ಗಂಟೆ. ಕೀವು ಇದ್ದರೆ ನಾಳದೊಳಗೆ ಔಷಧಿ ಇಟ್ಟು, ಒಂದೆರಡು ವಾರ ಬಿಟ್ಟು ಮುಗಿಸುತ್ತೇವೆ. ಬಸ್ಸಿನ ತೊಂದರೆ ಮೊದಲೇ ಹೇಳಿದರೆ ಅದಕ್ಕೆ ತಕ್ಕಂತೆ ಸಮಯ ಕೊಡುತ್ತೇವೆ.

ನನ್ನ ದೊಡ್ಡ ಚಿಂತೆ ಬೇರೆ. ಮೊದಲ ದಿನವೇ ನೋವು ಹೋಗಿಬಿಡುತ್ತದೆ. ಅಷ್ಟರಲ್ಲಿ ಸುಗ್ಗಿ ಬರುತ್ತದೆ, ಬ್ಯಾಡಗಿ ಕಡೆಯವರಿಗೆ ಮೆಣಸಿನಕಾಯಿ ಮಾರುಕಟ್ಟೆ ಶುರುವಾಗುತ್ತದೆ, ಮನೆಯಲ್ಲಿ ಮದುವೆ ನಿಂತಿರುತ್ತದೆ. ಎಂಟು ತಿಂಗಳ ಮೇಲೆ ಬಂದಾಗ ತಾತ್ಕಾಲಿಕ ಸಿಮೆಂಟ್ ಕರಗಿ, ಎಂಜಲು ಒಳಸೇರಿ, ಹಲ್ಲು ಎರಡು ಹೋಳಾಗಿರುತ್ತದೆ. ಉಳಿಸಬಹುದಾಗಿದ್ದ ಹಲ್ಲನ್ನು ಕೈಯಾರೆ ಕೀಳುವಾಗ ಆಗುವ ಸಂಕಟ ಹೇಳತೀರದು. ತಾತ್ಕಾಲಿಕ ಸಿಮೆಂಟ್ ಇರುವುದು ಕೆಲವು ವಾರಗಳಿಗಾಗಿ ಮಾತ್ರ.

ಇಷ್ಟೆಲ್ಲ ಏಕೆ? ಕಿತ್ತುಹಾಕಿಬಿಡಿ.

ಕೆಲವು ಹಲ್ಲುಗಳನ್ನು ಕೀಳುವುದೇ ಸರಿ. ಬೇರು ಉದ್ದಕ್ಕೆ ಸೀಳಿದ್ದರೆ, ಒಸಡಿನ ಮೇಲೆ ಹಲ್ಲೇ ಉಳಿದಿಲ್ಲದಿದ್ದರೆ, ಒಸಡು ರೋಗದಿಂದ ಹಲ್ಲು ಅಲುಗಾಡುತ್ತಿದ್ದರೆ ನಾನೇ ಮುಂದಾಗಿ ಕೀಳಿಸಿ ಎನ್ನುತ್ತೇನೆ. ಹುಳುಕಾದ ಬುದ್ಧಿ ಹಲ್ಲಿಗೂ ಬಹುತೇಕ ಇದೇ ಮಾತು.

ಉಳಿದ ಹಲ್ಲುಗಳ ಲೆಕ್ಕ ಬೇರೆ. ಒಂದು ದವಡೆ ಹಲ್ಲು ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಎದುರಿನ ಹಲ್ಲು ಇಳಿದು ಬರುತ್ತದೆ, ಸಂದಿಯಲ್ಲಿ ಊಟ ಸಿಕ್ಕಿಕೊಳ್ಳುತ್ತದೆ. ಬದಲಿ ಹಲ್ಲು ಕಟ್ಟಿಸಲು ಎರಡು ಪಕ್ಕದ ಗಟ್ಟಿ ಹಲ್ಲುಗಳನ್ನು ತೇಯಬೇಕು, ಇಲ್ಲವೇ ಇಂಪ್ಲಾಂಟ್, ಅಂದರೆ ದವಡೆಯ ಎಲುಬಿನಲ್ಲಿ ಕೂರಿಸುವ ಕೃತಕ ಬೇರು, ಹಾಕಿಸಬೇಕು. ಕಟಕ್ ಎನ್ನುವ ಜೋಳದ ರೊಟ್ಟಿಯನ್ನು ಶೇಂಗಾ ಚಟ್ನಿಯೊಡನೆ ಜಗಿದು ತಿನ್ನುವ ನಮ್ಮ ಕಡೆಯವರಿಗೆ ದವಡೆ ಹಲ್ಲಿನ ಬೆಲೆ ಹೋದ ಮೇಲೆ ತಿಳಿಯುತ್ತದೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ಉಣ್ಣುವ ಹಿರಿಯರನ್ನು ಕೇಳಿ ನೋಡಿ.

ಮೇಲಿನ ಹಲ್ಲಿಗೆ ಕೈ ಹಾಕಿದರೆ ಕಣ್ಣು ಹೋಗುತ್ತದೆಯೇ?

ಇಲ್ಲ. ನೋಟದ ನರ ಮಿದುಳಿನಿಂದ ನೇರವಾಗಿ ಕಣ್ಣಿಗೆ ಬರುತ್ತದೆ. ಹಲ್ಲಿನ ನರ ಬೇರೆ, ದಾರಿ ಬೇರೆ. ಕಣ್ಣಿನ ಪೊರೆ ಬರುವ ವಯಸ್ಸಿನಲ್ಲೇ ಹಲ್ಲೂ ಹೋಗುತ್ತವೆ, ಹಾಗಾಗಿ ಜನ ಎರಡನ್ನೂ ಗಂಟು ಹಾಕಿದ್ದಾರೆ.

ರೂಟ್ ಕೆನಾಲ್ ಮಾಡಿಸಿದರೆ ಕ್ಯಾನ್ಸರ್ ಬರುತ್ತದೆಂದು ವಾಟ್ಸಾಪ್‌ನಲ್ಲಿ ಬಂದಿತ್ತು.

ಅದಕ್ಕೆ ಆಧಾರವಿಲ್ಲ. ಆ ಮಾತಿನ ಬೇರು ನೂರು ವರ್ಷ ಹಿಂದಿನದು. ಅಮೆರಿಕದ ವೆಸ್ಟನ್ ಪ್ರೈಸ್ ಎಂಬ ದಂತವೈದ್ಯರು ಚಿಕಿತ್ಸೆಯಾದ ಹಲ್ಲುಗಳನ್ನು ಮೊಲಗಳ ಚರ್ಮದಡಿ ಇಟ್ಟು, ಮೊಲಗಳಿಗೆ ರೋಗ ಬಂದದ್ದನ್ನು ತೋರಿಸಿ, ಇಂಥ ಹಲ್ಲುಗಳೇ ಅನೇಕ ರೋಗಗಳ ಮೂಲ ಎಂದು ಸಾರಿದರು. ಅದನ್ನು ನಂಬಿ ಆ ಕಾಲದಲ್ಲಿ ಎಷ್ಟೋ ಜನರ ಒಳ್ಳೆಯ ಹಲ್ಲುಗಳನ್ನು ಕಿತ್ತರು. ಮುಂದೆ ಕಟ್ಟುನಿಟ್ಟಾಗಿ ನಡೆಸಿದ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ದೇಹಕ್ಕೆ ಕೆಡುಕು ಮಾಡುವುದು ಚಿಕಿತ್ಸೆ ಆಗದೆ ಉಳಿದ ಸೋಂಕು.

ನಮ್ಮದು ಮುಂಡರಗಿ ಕಡೆ. ಹಲ್ಲೆಲ್ಲ ಕಂದು. ಎಲ್ಲದಕ್ಕೂ ರೂಟ್ ಕೆನಾಲ್ ಬೇಕೇ?

ಬೇಡ. ಗದಗ ಜಿಲ್ಲೆಯ ಮುಂಡರಗಿ ಮುಂತಾದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಮೊಳೆಯುವ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳ ಹಲ್ಲಿನ ಕವಚದಲ್ಲಿ ಬಿಳಿ ಪಟ್ಟೆ, ಕಂದು ಮಚ್ಚೆ ಮೂಡುತ್ತವೆ. ಅದು ಹುಳುಕಲ್ಲ, ಮಕ್ಕಳು ಹಲ್ಲುಜ್ಜದ ತಪ್ಪೂ ಅಲ್ಲ. ಬಣ್ಣ ತಿಳಿಗೊಳಿಸಲು, ಮೇಲುಹೊದಿಕೆ ಹಾಕಲು ಬೇರೆ ವಿಧಾನಗಳಿವೆ. ಬರಿಯ ಬಣ್ಣಕ್ಕಾಗಿ ಯಾರಾದರೂ ರೂಟ್ ಕೆನಾಲ್ ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವ ಆ ಕಡೆಯ ಹುಡುಗಿಯರನ್ನು ನೋಡಿದ್ದೇನೆ. ಇದನ್ನು ಅವರಿಗೆ ಮೊದಲು ಹೇಳಬೇಕು.

ಮಗುವಿನ ಹಾಲುಹಲ್ಲಿಗೂ ಬೇಕೇ? ಹೇಗೂ ಬೀಳುತ್ತದಲ್ಲ.

ಹಿಂದಿನ ಹಾಲುಹಲ್ಲುಗಳು ಬೀಳುವುದು ಹತ್ತರಿಂದ ಹನ್ನೆರಡನೆಯ ವಯಸ್ಸಿಗೆ. ಐದನೆಯ ವಯಸ್ಸಿಗೆ ಕಿತ್ತರೆ ಮುಂದೆ ಬರುವ ಹಲ್ಲಿಗೆ ಜಾಗ ಉಳಿಯದೆ ಸೊಟ್ಟಗೆ ಬರುತ್ತದೆ. ಮಕ್ಕಳಿಗೆ ಮಾಡುವ ವಿಧಾನ ಸರಳ, ತುಂಬುವ ಔಷಧಿ ಹಲ್ಲಿನ ಬೇರಿನೊಡನೆ ಕರಗುವಂಥದ್ದು.

ಇನ್ನೊಂದು ಮಾತು, ತಾಯಂದಿರು ಗಮನಿಸಿ. ಆರನೆಯ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ಹೊಸ ದವಡೆ ಹಲ್ಲು ಬರುತ್ತದೆ. ಅದು ಶಾಶ್ವತ ಹಲ್ಲು. ಹಾಲುಹಲ್ಲೆಂದು ತಿಳಿದು ಅದು ಹುಳುಕಾದರೂ ಬಿಟ್ಟುಬಿಡುತ್ತಾರೆ. ಹತ್ತು ವರ್ಷದ ಮಗುವಿಗೆ ಜೀವನಪೂರ್ತಿ ಬೇಕಾದ ಹಲ್ಲು ಆಗಲೇ ಹೋಗಿರುತ್ತದೆ.

ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇದ್ದವರು ಮಾಡಿಸಬಹುದೇ? ಗರ್ಭಿಣಿಯರು?

ಮಾಡಿಸಬಹುದು. ಎಷ್ಟೋ ಸಲ ಇವರಿಗೆ ಹಲ್ಲು ಕೀಳುವುದಕ್ಕಿಂತ ಇದೇ ಮೇಲು. ಸಕ್ಕರೆ ಕಾಯಿಲೆಯವರು ತಿಂಡಿ ತಿಂದು, ಮಾತ್ರೆ ತೆಗೆದುಕೊಂಡು ಬೆಳಗಿನ ಹೊತ್ತು ಬನ್ನಿ. ಬಿಪಿ 180/110 ದಾಟಿದ್ದರೆ ಅದನ್ನು ಮೊದಲು ಇಳಿಸಬೇಕು. ರಕ್ತ ತೆಳುಮಾಡುವ ಮಾತ್ರೆಯನ್ನು ಯಾವ ಕಾರಣಕ್ಕೂ ನೀವಾಗಿಯೇ ನಿಲ್ಲಿಸಬೇಡಿ, ಈ ಚಿಕಿತ್ಸೆಗೆ ಸಾಮಾನ್ಯವಾಗಿ ನಿಲ್ಲಿಸುವ ಅಗತ್ಯವೂ ಇಲ್ಲ. ಹೃದಯಕ್ಕೆ ಕೃತಕ ಕವಾಟ ಹಾಕಿಸಿದವರು ತಪ್ಪದೆ ತಿಳಿಸಿ, ಮೊದಲೇ ಆ್ಯಂಟಿಬಯಾಟಿಕ್ ಕೊಡಬೇಕಾಗುತ್ತದೆ.

ಗರ್ಭಿಣಿಯರಿಗೆ ನಾಲ್ಕರಿಂದ ಆರನೆಯ ತಿಂಗಳು ಅನುಕೂಲ. ಆದರೆ ಕೀವು, ತೀವ್ರ ನೋವು ಇದ್ದರೆ ಯಾವ ತಿಂಗಳಾದರೂ ಕಾಯಬಾರದು. ಹೆರಿಗೆಯವರೆಗೆ ನೋವು ನುಂಗಿಕೊಂಡಿರು ಎಂದು ಹೇಳುವ ಮನೆಯವರಿಗೆ ನಾನು ಕೈಮುಗಿದು ಕೇಳುತ್ತೇನೆ, ಅವಳನ್ನು ಕರೆತನ್ನಿ.

ಅಮಾವಾಸ್ಯೆಯ ದಿನ ಬರಬಹುದೇ? ಉಪವಾಸ ಇದ್ದರೆ?

ಊತವಿಲ್ಲದಿದ್ದರೆ ಮನಸ್ಸಿಗೆ ಸಮಾಧಾನವಾಗುವ ದಿನ ಬನ್ನಿ. ಊತವಿದ್ದರೆ ದಿನ ನೋಡಬೇಡಿ. ಶ್ರಾವಣದ ಉಪವಾಸವಾಗಲಿ ರಮಜಾನಿನ ಉಪವಾಸವಾಗಲಿ, ಬರಿಹೊಟ್ಟೆಯಲ್ಲಿ ಭಯವೂ ಸೇರಿದರೆ ತಲೆಸುತ್ತು ಬರುತ್ತದೆ. ಊಟ ಮಾಡಿ ಬರುವ ದಿನವನ್ನು ಆರಿಸಿಕೊಳ್ಳಿ.

ಮಾಡಿಸಿದ ಮೇಲೆ ನೋವಿರುತ್ತದೆಯೇ? ಏನು ತಿನ್ನಬೇಕು?

ಮರಗಟ್ಟಿದ್ದು ಬಿಡಲು ಎರಡು ಮೂರು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಅಷ್ಟರೊಳಗೆ ಊಟ ಮಾಡಿದರೆ ತುಟಿ, ನಾಲಿಗೆ ಕಚ್ಚಿಕೊಳ್ಳುತ್ತೀರಿ, ಮಕ್ಕಳ ಮೇಲೆ ಕಣ್ಣಿಡಿ. ಎರಡು ಮೂರು ದಿನ ಕಚ್ಚಿದಾಗ ನೋವು ಸಹಜ, ಬರೆದುಕೊಟ್ಟ ಮಾತ್ರೆಗೆ ಇಳಿಯುತ್ತದೆ. ದಿನ ಕಳೆದಂತೆ ಕಡಿಮೆಯಾಗಬೇಕಾದ ನೋವು ಹೆಚ್ಚಾದರೆ ಕರೆ ಮಾಡಿ. ಹಲ್ಲಿನ ಮೇಲೆ ಕ್ಯಾಪ್, ಅಂದರೆ ಗಟ್ಟಿ ಟೊಪ್ಪಿಗೆಯಂಥ ಹೊದಿಕೆ, ಹಾಕುವವರೆಗೆ ಆ ಕಡೆಯಿಂದ ಕಟಕ್ ರೊಟ್ಟಿ, ಕರದಂಟು, ಕಬ್ಬು, ಸಾವಜಿ ಊಟದ ಎಲುಬು ಬೇಡ. ಅನ್ನ, ಮುದ್ದಿಪಲ್ಯೆ, ಮೆತ್ತಗಿನ ರೊಟ್ಟಿ ಧಾರಾಳವಾಗಿ ಉಣ್ಣಿ. ಗುಟ್ಕಾ, ತಂಬಾಕು ಅಂದಿಗೇ ಬಿಟ್ಟರೆ ನನಗೆ ಬಹಳ ಸಂತೋಷ.

ಕ್ಯಾಪ್ ಹಾಕಿಸಲೇಬೇಕೇ? ಒಟ್ಟು ಖರ್ಚು?

ದವಡೆ ಹಲ್ಲಿಗೆ ಬೇಕೇ ಬೇಕು. ಹುಳುಕಿನಿಂದಲೂ ಚಿಕಿತ್ಸೆಯ ಕಿಂಡಿಯಿಂದಲೂ ಹಲ್ಲಿನ ಗೋಡೆ ತೆಳುವಾಗಿರುತ್ತದೆ, ಜಗಿಯುವ ಭಾರಕ್ಕೆ ಸೀಳುತ್ತದೆ. ಮುಂದಿನ ಹಲ್ಲು ಗಟ್ಟಿಯಾಗಿ ಉಳಿದಿದ್ದರೆ ಎಷ್ಟೋ ಸಲ ಕ್ಯಾಪ್ ಇಲ್ಲದೆ ನಡೆಯುತ್ತದೆ.

ಖರ್ಚು ಯಾವ ಹಲ್ಲು, ಎಷ್ಟು ನಾಳ, ಯಾವ ಕ್ಯಾಪ್ ಎಂಬುದರ ಮೇಲೆ ನಿಂತಿದೆ. ಲೋಹದ ಕ್ಯಾಪ್ ಅಗ್ಗ, ಗಟ್ಟಿ. ಹಿಂದಿನ ಹಲ್ಲಿಗೆ ಅದು ಸಾಕು ಎನ್ನಿಸಿದರೆ ನಾಚಿಕೊಳ್ಳದೆ ಕೇಳಿ. ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನ ಕ್ಯಾಪ್ ಹಲ್ಲಿನ ಬಣ್ಣದ್ದು, ದುಬಾರಿ. ಶುರು ಮಾಡುವ ಮೊದಲೇ ಕ್ಯಾಪ್ ಸೇರಿ ಒಟ್ಟು ಎಷ್ಟು ಎಂದು ಬರೆಸಿಕೊಳ್ಳಿ. ಕೈ ಬಿಗಿಯಾಗಿದ್ದರೆ ಹುಬ್ಬಳ್ಳಿ-ಧಾರವಾಡದ ನಡುವೆ ಸತ್ತೂರಿನ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿದೆ, ಚಿಗರಿ ಬಸ್ಸಿನ ದಾರಿಯಲ್ಲೇ. ಕಲಿಯುವವರು ಅಧ್ಯಾಪಕರ ಕಣ್ಣೆದುರಿನಲ್ಲಿ ಚಿಕಿತ್ಸೆ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಹಣವಿಲ್ಲವೆಂದು ಹಲ್ಲು ಕೀಳಿಸುವ ಮೊದಲು ಅಲ್ಲೊಮ್ಮೆ ತೋರಿಸಿ.

ಯಾವಾಗ ಒಂದು ರಾತ್ರಿಯೂ ಕಾಯಬಾರದು?

ಊತ ದವಡೆಯ ಕೆಳಗೆ, ಕತ್ತಿನ ಕಡೆಗೆ ಇಳಿದರೆ. ನುಂಗಲು, ಉಸಿರಾಡಲು ಕಷ್ಟವಾದರೆ. ಬಾಯಿ ತೆರೆಯಲಾಗದಿದ್ದರೆ, ನಾಲಿಗೆ ಮೇಲಕ್ಕೆ ಎತ್ತಿದಂತಾದರೆ, ಚಳಿಜ್ವರ ಬಂದರೆ, ಊತ ಕಣ್ಣಿನ ಸುತ್ತ ಏರಿದರೆ. ಇವು ಜೀವಕ್ಕೆ ಅಪಾಯದ ಲಕ್ಷಣಗಳು. ಬೆಳಗಾಗಲಿ ಎನ್ನದೆ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಗೆ, ಗದಗ ಅಥವಾ ಹಾವೇರಿಯವರಾದರೆ ಅಲ್ಲಿನ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. 108ಕ್ಕೆ ಕರೆ ಮಾಡಿ.

ಇಷ್ಟು ಓದಿದರೂ ನನಗೆ ಭಯ ಹೋಗಿಲ್ಲ.

ಹೋಗದಿದ್ದರೂ ಪರವಾಗಿಲ್ಲ, ಭಯವನ್ನು ಜೊತೆಯಲ್ಲೇ ತನ್ನಿ. ಮೊದಲ ದಿನ ಚಿಕಿತ್ಸೆ ಬೇಡ, ತೋರಿಸಿ ಮಾತಾಡಿ ಹೋಗಿ. ಬೆಳಗಿನ ಮೊದಲ ಸಮಯ ಕೇಳಿ ಪಡೆಯಿರಿ, ಹೊರಗೆ ಕುಳಿತು ಯಂತ್ರದ ಸದ್ದು ಕೇಳುತ್ತಾ ಕಾಯುವುದು ತಪ್ಪುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ವಚನವೋ ಭಜನೆಯೋ ಸಿನಿಮಾ ಹಾಡೋ ಕೇಳಬಹುದು. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ಹಳೆಯ ಎಕ್ಸ್-ರೇ ಇದ್ದರೆ ತನ್ನಿ. ಒಬ್ಬರೇ ಬರಬೇಡಿ, ಮನಸ್ಸಿಗೆ ಹತ್ತಿರದವರನ್ನು ಕರೆದುಕೊಂಡು ಬನ್ನಿ. ಅವರು ಹೊರಗೆ ಕಾಯಬೇಕಾಗಿಲ್ಲ, ನಿಮ್ಮ ಕಣ್ಣಿಗೆ ಕಾಣುವಂತೆ ಒಳಗೇ ಅವರಿಗೊಂದು ಕುರ್ಚಿ ಹಾಕಿಸಿದ್ದೇನೆ.